ಮಾಲ್ಡೀವ್ಸ್ ಹನಿಮೂನ್ ಪ್ಲಾನ್ ಮಾಡೋ ಮುಂಚೆ ಇದನ್ನ ಓದಿ: ಕವಡೆಯಿಂದ ಸ್ಕೂಬಾವರೆಗೆ

ಭಾಗ 1/9: "ಯಾರೂ ಮುಟ್ಟದ ದ್ವೀಪ"

ಮನೇಲಿ ಅಕ್ಕನದೋ ಅಣ್ಣನದೋ ಮದುವೆ ಫಿಕ್ಸ್ ಆಯ್ತು ಅಂದ್ಕೊಳ್ಳಿ. ಛತ್ರ, ಅಡುಗೆಯವರು, ಫೋಟೋಗ್ರಾಫರ್ ಎಲ್ಲ ದೊಡ್ಡೋರು ನೋಡ್ಕೋತಾರೆ. ಹನಿಮೂನ್ ಮಾತ್ರ "ನಿಂಗೆ ಇದೆಲ್ಲ ಗೊತ್ತಲ್ಲ, ನೀನೇ ಹುಡುಕು" ಅಂತ ನಿಮ್ಮ ತಲೆಗೆ ಬರುತ್ತೆ. ನೀವು ಫೋನ್ ತೆಗೀತೀರಿ. ಬೆಂಗಳೂರಿನಿಂದ ವಿಮಾನದಲ್ಲಿ ಸುಮಾರು ಎರಡು ಗಂಟೆ. ನೀಲಿ ನೀರು, ನೀರಿನ ಮೇಲೆ ಕಾಲೂರಿ ನಿಂತ ಮನೆ, ಸ್ಕೂಬಾ ಪ್ಯಾಕೇಜ್. ಕೆಳಗೆ ಒಂದು ಸಾಲು: ಯಾರೂ ಮುಟ್ಟದ ಸ್ವರ್ಗ.

ಈ ಸರಣಿ ಆ ಒಂದು ಸಾಲಿನ ಬಗ್ಗೆ. ಯಾಕಂದ್ರೆ ಅದು ಸುಳ್ಳು. ಮಾಲ್ಡೀವ್ಸ್ ಅನ್ನು ಮುಟ್ಟದವರು ಯಾರು ಅಂತ ಹುಡುಕಬೇಕು, ಅಷ್ಟೇ. ಅರಬ್ಬರು, ಬಂಗಾಳದವರು, ಮಲಬಾರಿನವರು, ಪೋರ್ಚುಗೀಸರು, ಫ್ರೆಂಚರು, ಬ್ರಿಟಿಷರು, ಇಟಲಿಯವರು ಎಲ್ಲ ಬಂದುಹೋಗಿದ್ದಾರೆ. ನಮ್ಮ ಹೊನ್ನಾವರದ ಕಡೆ ಓಡಾಡಿದ್ದ ಒಬ್ಬ ಮಹಾಶಯನೂ ಆ ಲಿಸ್ಟ್‌ನಲ್ಲಿ ಇದ್ದಾನೆ.

ಹೋಗಬೇಡಿ ಅಂತ ಹೇಳೋಕೆ ಬಂದಿಲ್ಲ. ಹೋಗಿ, ಡೈವ್ ಮಾಡಿ. ಆದ್ರೆ ಎಲ್ಲಿಗೆ ಹೋಗ್ತಿದೀವಿ ಅಂತ ಗೊತ್ತಿದ್ರೆ ಪ್ಲಾನೇ ಬೇರೆ ಥರ ಆಗುತ್ತೆ. ಕೊನೇ ಭಾಗದಲ್ಲಿ ಶೀಟ್‌ಗೆ ಹಾಕ್ಕೊಳ್ಳೋ ಪಾಯಿಂಟ್ಸ್ ಇವೆ. ಮಧ್ಯದ ಏಳು ಭಾಗ ಬಿಟ್ಟು ಅಲ್ಲಿಗೆ ಹಾರಬೇಡಿ, ಪ್ಲೀಸ್.

ಭಾಗ 2/9: ಹೊನ್ನಾವರ ನೋಡಿ ಹೋದ ಮದುಮಗ

1340ರ ದಶಕ. ಮೊರಾಕ್ಕೋದ ಇಬ್ನ್ ಬತೂತ ನಮ್ಮ ಕರಾವಳಿಯಲ್ಲಿ ಇದ್ದ. ಹೊನ್ನಾವರದಲ್ಲಿ ಜಮಾಲುದ್ದೀನ್ ಅನ್ನೋ ಸುಲ್ತಾನನ ಅತಿಥಿ. ಆ ಊರಲ್ಲಿ ಗಂಡು ಮಕ್ಕಳಿಗೆ 23, ಹೆಣ್ಣು ಮಕ್ಕಳಿಗೆ 13 ಶಾಲೆ ನೋಡಿದೆ ಅಂತ ಬರೆಸಿದ್ದಾನೆ. ಬೇರೆಲ್ಲೂ ಇಂಥದ್ದು ಕಂಡಿರಲಿಲ್ಲ ಅಂತ ಅವನಿಗೇ ಆಶ್ಚರ್ಯ. ಆ ಸುಲ್ತಾನನ ಜೊತೆ ಗೋವಾ ಮೇಲಿನ ದಂಡಯಾತ್ರೆಗೂ ಹೋಗಿ, ಕೊನೆಗೆ ಕಲ್ಲಿಕೋಟೆಯಿಂದ ಹಡಗು ಹತ್ತಿದ. ಹತ್ತು ದಿನದ ಪ್ರಯಾಣ, ಮಾಲ್ಡೀವ್ಸ್.

ಅಲ್ಲಿ ಅವನನ್ನು ಕಾಜಿ, ಅಂದ್ರೆ ನ್ಯಾಯಾಧೀಶ ಮಾಡಿದ್ರು. ಸುಮಾರು ಒಂದೂವರೆ ವರ್ಷ ಇದ್ದ. ಆಗ ಅಲ್ಲಿ ಆಳ್ತಿದ್ದದ್ದು ಒಬ್ಬ ಹೆಣ್ಣುಮಗಳು, ರಾಣಿ ಖದೀಜ. ದೇಶ ಮುಸ್ಲಿಂ ಆಗಿದ್ದು 1153ರಲ್ಲಿ, ಅದಕ್ಕೆ ಮುಂಚೆ ಬೌದ್ಧರದ್ದು. ಹೆಂಗಸರು ಮೈ ಮೇಲ್ಭಾಗ ಮುಚ್ಚಿಕೊಳ್ಳೋ ಪದ್ಧತಿ ಇರಲಿಲ್ಲ. ಹೊಸ ಕಾಜಿ ಮುಚ್ಚಿಕೊಳ್ಳಿ ಅಂತ ಆಜ್ಞೆ ಮಾಡಿದ, ನಡೀಲಿಲ್ಲ. ತನ್ನ ಕೈಲಿ ಆಗಲಿಲ್ಲ ಅಂತ ಅವನೇ ಒಪ್ಪಿಕೊಂಡಿದ್ದಾನೆ.

ಈಗ ಹನಿಮೂನ್‌ಗೆ ಸಂಬಂಧಪಟ್ಟ ವಿಷಯ. ಈ ದ್ವೀಪಗಳಲ್ಲಿ ಮದುವೆ ಬಹಳ ಸುಲಭ ಅಂತ ಅವನು ವಿವರಿಸ್ತಾನೆ. ವಧುವಿಗೆ ಕೊಡೋ ಹಣ ಕಡಿಮೆ. ಹಡಗು ಬಂದಾಗ ನಾವಿಕರು ಮದುವೆ ಆಗ್ತಾರೆ, ಹಡಗು ಹೊರಡೋವಾಗ ವಿಚ್ಛೇದನ ಕೊಟ್ಟು ಹೋಗ್ತಾರೆ. ಹೆಂಗಸರು ಮಾತ್ರ ತಮ್ಮ ನಾಡು ಬಿಟ್ಟು ಹೊರಗೆ ಹೋಗಲ್ಲ. ಅವನೂ ಅದನ್ನೇ ಮಾಡಿದ. ಅಲ್ಲಿ ನಾಲ್ಕು ಮದುವೆ. ವಜೀರನ ಜೊತೆ ಜಗಳ ಆಗಿ 1344ರಲ್ಲಿ ಹೊರಟ. ಆಮೇಲೆ ಒಂದು ಸಲ ವಾಪಸ್ ಬಂದು, ಅಲ್ಲಿ ಹುಟ್ಟಿದ್ದ ತನ್ನ ಪುಟ್ಟ ಮಗನನ್ನು ನೋಡಿ, ತಾಯಿ ಹತ್ತಿರವೇ ಬಿಟ್ಟು ಮತ್ತೆ ಹೋದ.

ಕೆಲವು ದಿನಕ್ಕೆ ಬಂದು ಸುಖವಾಗಿದ್ದು ಎದ್ದು ಹೋಗೋ ಹೊರಗಿನವರು, ಅಲ್ಲೇ ಉಳಿಯೋ ಊರಿನವರು. ಈ ಜೋಡಿಯನ್ನ ನೆನಪಿಟ್ಕೊಳ್ಳಿ. ಏಳು ನೂರು ವರ್ಷದ ಕಥೆಯಲ್ಲಿ ಇದು ಮತ್ತೆ ಮತ್ತೆ ಬರುತ್ತೆ.

ಭಾಗ 3/9: ಕವಡೆ ಕಾಸಿನ ಕಿಮ್ಮತ್ತು

"ಅವನ ಮಾತಿಗೆ ಕವಡೆ ಕಾಸಿನ ಕಿಮ್ಮತ್ತಿಲ್ಲ" ಅಂತ ಅಜ್ಜಿ ಬೈಯೋದು ಕೇಳಿದೀರಲ್ಲ? ಆ ಕವಡೆ ನಿಜವಾಗಿಯೂ ದುಡ್ಡಾಗಿತ್ತು. ಅತೀ ಸಣ್ಣ ಚಿಲ್ಲರೆ. ಆ ಚಿಲ್ಲರೆಯ ದೊಡ್ಡ ಟಂಕಸಾಲೆ ಅಂದ್ರೆ ಮಾಲ್ಡೀವ್ಸ್‌ನ ಸಮುದ್ರ. ಚೌಕಾಬಾರ ಆಡೋ ಕವಡೆ, ಸವದತ್ತಿ ಎಲ್ಲಮ್ಮನ ಜೋಗತಿಯರ ಕೊರಳಲ್ಲಿರೋ ಕವಡೆ ಸರ, ಕವಡೆ ಶಾಸ್ತ್ರ, ಇವೆಲ್ಲ ನಮ್ಮವೇ. ಎಲ್ಲ ಕವಡೆಯೂ ಅಲ್ಲಿಂದಲೇ ಬಂತು ಅಂತಲ್ಲ. ಆದ್ರೆ ಹಡಗುಗಟ್ಟಲೆ ಕವಡೆ ಕಳಿಸ್ತಿದ್ದ ಜಾಗ ಅದು.

ಕವಡೆ ಅಂದ್ರೆ ಒಂದು ಸಣ್ಣ ಬಸವನಹುಳುವಿನ ಚಿಪ್ಪು. ಆಳವಿಲ್ಲದ ಬೆಚ್ಚಗಿನ ನೀರಲ್ಲಿ, ಹವಳದ ಕಲ್ಲುಗಳ ಸಂದಿಯಲ್ಲಿ ಇರುತ್ತೆ. ಹಿಡಿದು ತಂದು ದಂಡೆಯ ಗುಂಡಿಗಳಲ್ಲಿ ಹಾಕಿದ್ರೆ ಒಳಗಿನ ಮಾಂಸ ಕೊಳೆತು ಹೋಗಿ ಬಿಳಿ ಚಿಪ್ಪು ಉಳಿಯುತ್ತೆ. ಇದನ್ನು ಇಬ್ನ್ ಬತೂತನೇ ವಿವರಿಸಿದ್ದಾನೆ. ಬಂಗಾಳದವರು ಅಕ್ಕಿ ತಂದು ಕವಡೆ ಒಯ್ತಿದ್ರು. ಮರಳು ದಿಬ್ಬದ ದ್ವೀಪದಲ್ಲಿ ಭತ್ತ ಎಲ್ಲಿ ಬೆಳೆಯೋದು? ಸಮುದ್ರ ಕೊಟ್ಟ ಚಿಪ್ಪೇ ಊಟ.

ಲೆಕ್ಕ ನೋಡಿ. ದ್ವೀಪದಲ್ಲಿ ಒಂದು ಚಿನ್ನದ ದಿನಾರಿಗೆ 4,00,000 ಕವಡೆ. ಬೆಲೆ ಬಿದ್ದಾಗ 12,00,000. ಅದೇ ಮನುಷ್ಯ ಕೆಲವು ವರ್ಷದ ನಂತರ ಪಶ್ಚಿಮ ಆಫ್ರಿಕಾದ ಮಾಲಿ ರಾಜ್ಯದಲ್ಲಿ ಅದೇ ಕವಡೆ ನೋಡಿದ. ಅಲ್ಲಿ ಒಂದು ದಿನಾರಿಗೆ 1,150 ಮಾತ್ರ. ಅಂದ್ರೆ ಹಿಡಿದವರ ಕೈಗೂ ಕೊನೆಗೆ ಬಳಸಿದವರ ಕೈಗೂ ಮಧ್ಯೆ ಬೆಲೆ ನೂರಾರು ಪಟ್ಟು ಏರಿದೆ. ಲಾಭ ಎಲ್ಲ ಮಧ್ಯದ ಸಮುದ್ರದಲ್ಲೇ ಆಯ್ತು.

ಭಾಗ 4/9: ಹಡಗು ಒಡೆದು ಬಂದ ಫ್ರೆಂಚ್ ಅತಿಥಿ

1602. ಕಾರ್ಬಿನ್ ಅನ್ನೋ ಫ್ರೆಂಚ್ ಹಡಗು ಮಾಲ್ಡೀವ್ಸ್‌ನ ಹವಳದ ಬಂಡೆಗೆ ಬಡಿದು ಒಡೀತು. ಬದುಕಿದವರಲ್ಲಿ ಒಬ್ಬ ಫ್ರಾಂಸ್ವಾ ಪಿರಾರ್. ಐದು ವರ್ಷ ಸುಲ್ತಾನನ ಬಂಧಿ. ಬಂಧಿ ಅಂದ್ರೆ ಸರಪಳಿ ಹಾಕಿ ಕೂರಿಸಿದ್ದಲ್ಲ. ಓಡಾಡಬಹುದು, ದ್ವೀಪ ಬಿಟ್ಟು ಹೋಗೋ ಹಾಗಿಲ್ಲ. ಅವನು ದಿವೆಹಿ ಭಾಷೆ ಕಲಿತ, ಎಲ್ಲ ಗಮನಿಸಿದ. ನಮ್ಮ "ದ್ವೀಪ" ಮತ್ತು "ದಿವೆಹಿ" ಒಂದೇ ಬೇರಿನ ಪದಗಳು ಅನ್ನೋದು ಇಲ್ಲಿ ಹೇಳಬೇಕಾದ ಇನ್ನೊಂದು ವಿಷಯ.

ತಿಂಗಳಲ್ಲಿ ಎರಡು ಸಲ, ಅಮಾವಾಸ್ಯೆ ಮತ್ತು ಹುಣ್ಣಿಮೆ ಹೊತ್ತಿಗೆ, ಹೆಂಗಸರು ಸೊಂಟದ ಮಟ್ಟ ನೀರಲ್ಲಿ ನಿಂತು ಕವಡೆ ಆಯ್ತಿದ್ದರು ಅಂತ ಪಿರಾರ್ ಬರೀತಾನೆ. ಒಂದೇ ವರ್ಷದಲ್ಲಿ ಮೂವತ್ತು ನಲವತ್ತು ಹಡಗು ಬರೀ ಕವಡೆ ತುಂಬ್ಕೊಂಡು ಹೋಗಿದ್ದು ನೋಡಿದ್ದಾನಂತೆ. ನಾವು ಹನಿಮೂನಿಗೆ ಮಧುಚಂದ್ರ ಅಂತ ಹೆಸರಿಟ್ಟಿದೀವಿ. ಅದೇ ಚಂದ್ರನ ಲೆಕ್ಕದಲ್ಲಿ, ಅದೇ ನೀಲಿ ಲಗೂನ್‌ನಲ್ಲಿ, ಆ ಹೆಂಗಸರು ದುಡೀತಿದ್ದರು.

ಆ ಚಿಪ್ಪು ಮುಂದೆ ಎಲ್ಲಿಗೆ ಹೋಯ್ತು ಅನ್ನೋದು ಈ ಸರಣಿಯ ಅತ್ಯಂತ ಕತ್ತಲೆಯ ಭಾಗ. ಡಚ್ ಮತ್ತು ಇಂಗ್ಲಿಷ್ ಕಂಪನಿಗಳು ಬಂಗಾಳ, ಸಿಲೋನ್ ಮೂಲಕ ಕವಡೆ ಕೊಂಡು ಆಮ್‌ಸ್ಟರ್‌ಡ್ಯಾಮ್, ಲಂಡನ್‌ಗೆ ಒಯ್ದರು. ಅಲ್ಲಿಂದ ಪಶ್ಚಿಮ ಆಫ್ರಿಕಾ. ಆ ಕವಡೆ ಕೊಟ್ಟು ಕೊಂಡದ್ದು ಮನುಷ್ಯರನ್ನು. 18ನೇ ಶತಮಾನದಲ್ಲಿ ಹೀಗೆ ನೂರಾರು ಕೋಟಿ ಕವಡೆ ಆ ದಡಕ್ಕೆ ಹೋಯ್ತು. ಸೊಂಟದ ಮಟ್ಟ ನೀರಲ್ಲಿ ನಿಂತಿದ್ದ ಹೆಂಗಸಿಗೆ ಇದು ಗೊತ್ತಿರೋಕೆ ಸಾಧ್ಯವೇ ಇರಲಿಲ್ಲ. ಕೊಳ್ಳೋರಿಗೆ ಚೆನ್ನಾಗಿಯೇ ಗೊತ್ತಿತ್ತು.

ಭಾಗ 5/9: 1972, 22 ಇಟಾಲಿಯನ್ನರು

ಶತಮಾನಗಳು ಕಳೆದವು. ಕವಡೆ ಚಲಾವಣೆ ನಿಂತು ನಾಣ್ಯ ಬಂತು. 1887ರಿಂದ ಬ್ರಿಟಿಷ್ ರಕ್ಷಣೆಯ ರಾಜ್ಯ, 1965ರಲ್ಲಿ ಸ್ವಾತಂತ್ರ್ಯ, 1968ರಲ್ಲಿ ಗಣರಾಜ್ಯ. ಜನರ ಬದುಕು ಮೀನಿನ ಮೇಲೆ. ಒಣಗಿಸಿದ ಟ್ಯೂನಾ ಸಿಲೋನಿಗೆ ಹೋಗ್ತಿತ್ತು.

1960ರ ದಶಕದಲ್ಲಿ ಬಂದ ವಿಶ್ವಸಂಸ್ಥೆಯ ತಂಡ ಇಲ್ಲಿ ಪ್ರವಾಸೋದ್ಯಮ ಆಗಲ್ಲ ಅಂತ ಹೇಳಿ ಹೋಯ್ತು. ಬ್ಯಾಂಕ್ ಇಲ್ಲ, ಹೋಟೆಲ್ ಇಲ್ಲ, ಸರಿಯಾದ ವಿಮಾನ ನಿಲ್ದಾಣ ಇಲ್ಲ, ಯಾರು ಬರ್ತಾರೆ? ಆದ್ರೆ ಕೊಲಂಬೋದಲ್ಲಿ ಜಾರ್ಜ್ ಕಾರ್ಬಿನ್ ಅನ್ನೋ ಇಟಾಲಿಯನ್ ಟ್ರಾವೆಲ್ ಏಜೆಂಟ್‌ಗೆ ಅಹ್ಮದ್ ನಸೀಮ್ ಅನ್ನೋ ಮಾಲ್ಡೀವ್ಸ್ ಯುವಕ ಸಿಕ್ಕ. ಹೌದು, 1602ರಲ್ಲಿ ಒಡೆದ ಹಡಗಿನ ಹೆಸರೇ ಈತನ ಹೆಸರೂ. ಬರೀ ಕಾಕತಾಳೀಯ! 1972ರ ಫೆಬ್ರವರಿಯಲ್ಲಿ ಕಾರ್ಬಿನ್ 22 ಇಟಾಲಿಯನ್ನರನ್ನು ಕರ್ಕೊಂಡು ಬಂದ. ಅವರು ಉಳಿದದ್ದು ರಾಜಧಾನಿ ಮಾಲೆಯಲ್ಲಿ, ಜನರ ಮನೆಗಳಲ್ಲಿ. ಮೀನು, ಈಜು, ಬಿಸಿಲು. ವಾಪಸ್ ಹೋಗೋವಾಗ ಎಲ್ಲರೂ ಖುಷಿ.

ಅದೇ ಅಕ್ಟೋಬರ್‌ನಲ್ಲಿ ಮೊದಲ ರೆಸಾರ್ಟ್ ಶುರು: ಕುರುಂಬ. ದಿವೆಹಿಯಲ್ಲಿ ಕುರುಂಬ ಅಂದ್ರೆ ಎಳನೀರಿನ ಕಾಯಿ. ಅದು ತೆಂಗಿನ ತೋಟ ಇದ್ದ ದ್ವೀಪ. 30 ಕೋಣೆ, ಹವಳದ ಕಲ್ಲಿನ ಗೋಡೆ, ತೆಂಗಿನ ಗರಿಯ ಸೂರು. ನೀರಿನ ಮೇಲಿನ ವಿಲ್ಲಾ ಇಲ್ಲ, ಗಾಜಿನ ನೆಲ ಇಲ್ಲ. ದೇಶದ ಮೊದಲ ಬ್ಯಾಂಕ್ ಬಂದದ್ದು 1974ರಲ್ಲಿ. ಯಾವುದು ಗೊತ್ತಾ? ನಮ್ಮ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ.

ಆ ಮೊದಲ ವರ್ಷ ಬಂದವರು ಸುಮಾರು 1,100 ಜನ. 2024ರಲ್ಲಿ 20 ಲಕ್ಷಕ್ಕೂ ಹೆಚ್ಚು. ನೀವು ಫೋನಿನಲ್ಲಿ ನೋಡೋ "ಅನಾದಿ ಸ್ವರ್ಗ"ಕ್ಕೆ ನಿಮ್ಮ ಅಪ್ಪ ಅಮ್ಮನಷ್ಟೇ ವಯಸ್ಸು.

ಭಾಗ 6/9: ಏಕಾಂತಕ್ಕೂ ಒಂದು ಕಾನೂನು ಇತ್ತು

ಹನಿಮೂನ್ ಜಾಹೀರಾತಿನಲ್ಲಿ ಇಡೀ ದ್ವೀಪದಲ್ಲಿ ನೀವಿಬ್ಬರೇ ಅನ್ನೋ ಥರ ತೋರಿಸ್ತಾರೆ. ಊರಿನವರು ಯಾಕೆ ಕಾಣಲ್ಲ ಅಂತ ಯೋಚಿಸಿದೀರಾ?

ಸುಮಾರು 1,200 ದ್ವೀಪಗಳಲ್ಲಿ ಜನವಸತಿ ಇರೋದು 200ರ ಆಸುಪಾಸು. ಸರ್ಕಾರದ ನೀತಿ ಹೀಗಿತ್ತು: ಜನ ಇಲ್ಲದ ದ್ವೀಪವನ್ನ ಗುತ್ತಿಗೆಗೆ ಕೊಡೋದು, ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್. ಮದ್ಯ, ಬಿಕಿನಿ ಎಲ್ಲ ಅಲ್ಲೇ ಇರಲಿ, ನಮ್ಮ ಊರೊಳಗೆ ಬೇಡ. 1980ರ ದಶಕದಿಂದ ಜನವಸತಿ ದ್ವೀಪಗಳಲ್ಲಿ ಪ್ರವಾಸಿಗರು ತಂಗೋ ಗೆಸ್ಟ್‌ಹೌಸ್‌ಗಳಿಗೆ ತಡೆ ಬಿತ್ತು.

ಇದರಲ್ಲಿ ಒಳ್ಳೇದೂ ಇತ್ತು. ಪುಟ್ಟ ಊರುಗಳು ಒಂದೇ ಏಟಿಗೆ ಬಾರ್ ಬೀದಿಗಳಾಗಲಿಲ್ಲ. ಸಣ್ಣ ದ್ವೀಪಕ್ಕೆ ತಡ್ಕೊಳ್ಳೋ ಶಕ್ತಿ ಎಷ್ಟು ಅನ್ನೋ ಲೆಕ್ಕ ಇತ್ತು. ಕೆಟ್ಟದ್ದು ಏನಂದ್ರೆ, ಪ್ರವಾಸಿ ಬಿಚ್ಚೋ ಪರ್ಸು ರೆಸಾರ್ಟ್ ದ್ವೀಪದಲ್ಲೇ ಉಳೀತು. ಸಾಮಾನ್ಯ ಜನ ಕೆಲಸಕ್ಕೆ ಹೆಂಡತಿ ಮಕ್ಕಳನ್ನ ಬಿಟ್ಟು ಇನ್ನೊಂದು ದ್ವೀಪಕ್ಕೆ ಹೋಗಬೇಕಾಯ್ತು. ಅಲ್ಲಿ ಹನಿಮೂನ್ ಮಾಡೋ ಜೋಡಿಗೆ ಊಟ ಬಡಿಸೋರು ತಮ್ಮ ಸಂಸಾರವನ್ನ ತಿಂಗಳುಗಟ್ಟಲೆ ನೋಡದೇ ಇರೋರು. ಭಾಗ 2ರ ಕಥೆ ತಿರುವು ಮುರುವು ಆದಂಗೆ, ಅಲ್ವಾ?

2009ರ ನಂತರ ಈ ತಡೆ ತೆರೆಯಿತು. ಮಾಫುಶಿ ಥರದ ಊರುಗಳಲ್ಲಿ ಸ್ಥಳೀಯರೇ ಗೆಸ್ಟ್‌ಹೌಸ್ ಮಾಡಿದ್ರು. ಖರ್ಚೂ ಬಹಳ ಕಡಿಮೆ. ಊರಿನ ನಿಯಮ ಬೇರೆ: ಮದ್ಯ ಇಲ್ಲ, ಈಜುಡುಗೆಗೆ ಪ್ರತ್ಯೇಕ ಬೀಚ್, ಉಳಿದ ಕಡೆ ಮೈ ಮುಚ್ಚೋ ಬಟ್ಟೆ. ನಮ್ಮ ಮಿಡ್ಲ್ ಕ್ಲಾಸ್ ಮಾಲ್ಡೀವ್ಸ್‌ಗೆ ಹೋಗೋ ಹಾಗಾದದ್ದರಲ್ಲಿ ಈ ಬದಲಾವಣೆಯ ಪಾಲು ದೊಡ್ಡದು.

ಭಾಗ 7/9: ನೀರೊಳಗೆ ಉಸಿರಾಟ

ಇನ್ನು ಸ್ಕೂಬಾ. 1943ರಲ್ಲಿ, ಜರ್ಮನ್ ವಶದಲ್ಲಿದ್ದ ಫ್ರಾನ್ಸಿನಲ್ಲಿ, ನೌಕಾಪಡೆಯ ಅಧಿಕಾರಿ ಝಾಕ್ ಕೂಸ್ಟೋ ಮತ್ತು ಇಂಜಿನಿಯರ್ ಎಮಿಲ್ ಗಾನ್ಯಾನ್ ಸೇರಿ ಆಕ್ವಾಲಂಗ್ ಮಾಡಿದ್ರು. ಕಷ್ಟದ ಪಾರ್ಟ್ ಸಿಲಿಂಡರ್ ಅಲ್ಲ, ರೆಗ್ಯುಲೇಟರ್. ಪ್ರತಿ 10 ಮೀಟರ್ ಇಳಿದಂತೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತೆ. ಸುತ್ತಲಿನ ನೀರಿನ ಒತ್ತಡಕ್ಕೆ ಸರಿಯಾಗಿ, ನೀವು ಎಳೆದಾಗ ಮಾತ್ರ, ಬೇಕಾದಷ್ಟೇ ಗಾಳಿ ಕೊಡೋ ಕವಾಟ ಅದು. ಇವತ್ತು ನಿಮ್ಮ ಅಕ್ಕ ಬಾಯಲ್ಲಿ ಕಚ್ಕೊಳ್ಳೋದು ಅದರ ಮೊಮ್ಮಗಳನ್ನ.

ಮಾಲ್ಡೀವ್ಸ್‌ನ ನೀರೊಳಗಿನ ಲೋಕವನ್ನ ಹೊರಗಿನವರಿಗೆ ತೋರಿಸಿದವರಲ್ಲಿ ಆಸ್ಟ್ರಿಯಾದ ಹಾನ್ಸ್ ಹಾಸ್ ಮುಖ್ಯ. 1957-58ರಲ್ಲಿ ಝಾರಿಫಾ ಅನ್ನೋ ಹಾಯಿ ಹಡಗಿನಲ್ಲಿ ವಿಜ್ಞಾನಿಗಳ ಜೊತೆ ಬಂದ. ಹೆಂಡತಿ ಲೊಟ್ಟೆ ಹಾಸ್ ಕೂಡ ಹೆಸರಾಂತ ಡೈವರ್. ರೆಸಾರ್ಟ್ ಶುರುವಾಗೋಕೆ ಹದಿನಾಲ್ಕು ವರ್ಷ ಮುಂಚಿನ ಮಾತು. ಅಂದಹಾಗೆ, ಉಂಗುರದ ಆಕಾರದ ಹವಳ ದ್ವೀಪಗಳಿಗೆ ಜಗತ್ತೆಲ್ಲ ಬಳಸೋ "ಅಟಾಲ್" ಪದ ದಿವೆಹಿಯ ಅತೊಳು ಇಂದಲೇ ಬಂದದ್ದು.

ನೀರಡಿ ಇತಿಹಾಸವೂ ಇದೆ. ದಕ್ಷಿಣದ ಅಡ್ಡು ಅಟಾಲ್‌ನಲ್ಲಿ ಬ್ರಿಟಿಷ್ ಲಾಯಲ್ಟಿ ಅನ್ನೋ ಎಣ್ಣೆ ಹಡಗು ಮಲಗಿದೆ. ಎರಡನೇ ಮಹಾಯುದ್ಧದಲ್ಲಿ, 1944ರಲ್ಲಿ, ಜರ್ಮನ್ ಸಬ್‌ಮರೀನ್ ಅದಕ್ಕೆ ಟಾರ್ಪಿಡೋ ಹೊಡೀತು. 1946ರಲ್ಲಿ ಬ್ರಿಟಿಷರೇ ಮುಳುಗಿಸಿದ್ರು. ಮಾಲೆಯ ಹತ್ತಿರ ಇನ್ನೊಂದು, ಮಾಲ್ಡೀವ್ ವಿಕ್ಟರಿ. 1981ರ ಫೆಬ್ರವರಿ 13, ಶುಕ್ರವಾರ, ರೆಸಾರ್ಟ್‌ಗಳಿಗೆ ಸಾಮಾನು ತರ್ತಿದ್ದ ಸರಕು ಹಡಗು ವಿಮಾನ ನಿಲ್ದಾಣದ ಹತ್ತಿರದ ಬಂಡೆಗೆ ಬಡಿದು ಮುಳುಗಿತು. ಇವತ್ತು ಪ್ರವಾಸಿಗರು ಹೋಗಿ ನೋಡೋದು ಪ್ರವಾಸಿಗರಿಗೇ ಅಂತ ಬರ್ತಿದ್ದ ಹಡಗನ್ನ. ಅಲ್ಲಿ ಸೆಳೆತ ಜೋರು, ತಳ ಸುಮಾರು 35 ಮೀಟರ್. ಮೊದಲ ಸಲ ಡೈವ್ ಮಾಡೋರಿಗೆ ಇದು ಬೇಡವೇ ಬೇಡ.

ಭಾಗ 8/9: ಬಿಳಿಚಿದ ಹವಳ, ನೀರಡಿ ಕ್ಯಾಬಿನೆಟ್

ಹವಳ ಅಂದ್ರೆ ಕಲ್ಲಲ್ಲ, ಜೀವ. ಪುಟ್ಟ ಪ್ರಾಣಿಗಳ ಕಾಲೊನಿ. ಅವುಗಳ ಮೈಯೊಳಗಿರೋ ಪಾಚಿ ಬಣ್ಣವನ್ನೂ ಊಟವನ್ನೂ ಕೊಡುತ್ತೆ. ನೀರು ಮಾಮೂಲಿಗಿಂತ ಒಂದೆರಡು ಡಿಗ್ರಿ ಬಿಸಿಯಾಗಿ ಕೆಲವು ವಾರ ಹಾಗೇ ಇದ್ದರೆ ಹವಳ ಆ ಪಾಚಿಯನ್ನ ಹೊರಹಾಕಿ ಬಿಳಿಚಿಕೊಳ್ಳುತ್ತೆ. ಬಿಸಿ ಇಳೀದಿದ್ರೆ ಸಾಯುತ್ತೆ. 1998ರ ಎಲ್ ನಿನೋದಲ್ಲಿ ಮಾಲ್ಡೀವ್ಸ್‌ನ ಆಳವಿಲ್ಲದ ಹವಳದಲ್ಲಿ ಹೆಚ್ಚಿನ ಪಾಲು ಸತ್ತಿತು. ನಿಧಾನವಾಗಿ ಚಿಗುರಿತು. 2016ರಲ್ಲಿ ಮತ್ತೆ ಏಟು.

ಹವಳ ಸತ್ತರೆ ಬರೀ ಫೋಟೋ ಹಾಳಾಗಲ್ಲ. ದ್ವೀಪದ ಮರಳು ಹವಳದ ಪುಡಿ. ಅಲೆಯ ಹೊಡೆತ ತಡೆಯೋ ಗೋಡೆಯೂ ಹವಳವೇ. ದೇಶದ ಶೇಕಡಾ 80ರಷ್ಟು ನೆಲ ಸಮುದ್ರ ಮಟ್ಟದಿಂದ ಒಂದು ಮೀಟರ್‌ಗಿಂತ ಕೆಳಗಿನ ಎತ್ತರದಲ್ಲಿದೆ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು. ಕೆಲವು ಊರುಗಳನ್ನ ಜನ ಬಿಟ್ಟೇ ಹೋದರು.

2009ರ ಅಕ್ಟೋಬರ್ 17ರಂದು ಅಧ್ಯಕ್ಷ ಮೊಹಮದ್ ನಶೀದ್ ತಮ್ಮ ಸಚಿವ ಸಂಪುಟವನ್ನ ಸ್ಕೂಬಾ ಗೇರ್ ಹಾಕಿಸಿ ನೀರಿನ ಅಡಿಗೆ ಕರ್ಕೊಂಡು ಹೋದರು. ಗಿರಿಫುಶಿ ದ್ವೀಪದ ಲಗೂನ್‌ನಲ್ಲಿ ಮೇಜು ಹಾಕಿ, ಕೈಸನ್ನೆಯಲ್ಲಿ ಮಾತಾಡಿ, ಕಾರ್ಬನ್ ಹೊಗೆ ಕಡಿಮೆ ಮಾಡಿ ಅಂತ ಜಗತ್ತಿಗೆ ಮನವಿಗೆ ಸಹಿ ಹಾಕಿದ್ರು. ನಾವು ಮಜಾಕ್ಕೆ ಹಾಕೋ ಅದೇ ಮಾಸ್ಕ್, ಅವರಿಗೆ ಬದುಕಿನ ಪ್ರಶ್ನೆ.

ಒಳ್ಳೇ ಸುದ್ದಿಯೂ ಇದೆ. 1990ರ ದಶಕದ ಶುರುವಿನಲ್ಲಿ ಒಂದು ಲೆಕ್ಕ ಹಾಕಿದ್ರು. ಒಂದು ಗ್ರೇ ರೀಫ್ ಶಾರ್ಕ್ ಸತ್ತರೆ ಮೀನುಗಾರನಿಗೆ 32 ಡಾಲರ್. ಜೀವಂತ ಇದ್ದರೆ ಡೈವರ್‌ಗಳಿಂದ ವರ್ಷಕ್ಕೆ ಸರಾಸರಿ 3,300 ಡಾಲರ್. ಆ ಥರದ ವಾದಗಳು ಬೆಳೆದು 2010ರಲ್ಲಿ ಇಡೀ ದೇಶದಲ್ಲಿ ಶಾರ್ಕ್ ಬೇಟೆ ನಿಷೇಧ ಆಯ್ತು. ಬಾ ಅಟಾಲ್‌ನ ಹನಿಫಾರು ಕೊಲ್ಲಿಯಲ್ಲಿ ಮಾಂಟಾ ರೇಗಳು ಗುಂಪು ಗುಂಪಾಗಿ ತಿನ್ನೋಕೆ ಬರ್ತವೆ. ಅಲ್ಲಿ ಸ್ಕೂಬಾನೇ ಬ್ಯಾನ್, ಬರೀ ಸ್ನಾರ್ಕೆಲ್. ದುಡ್ಡಿನ ಆಸೆಯನ್ನ ಬಿಟ್ಟು "ಇಲ್ಲ" ಅನ್ನೋಕೆ ಧೈರ್ಯ ಬೇಕು.

ಭಾಗ 9/9: ಈಗ ಶೀಟ್ ಓಪನ್ ಮಾಡಿ

1. ಯಾವಾಗ? ನಮ್ಮಲ್ಲಿ ಆಷಾಢದಲ್ಲಿ ಹೊಸ ಮದುಮಗಳು ತವರಿಗೆ ಹೋಗ್ತಾಳೆ. ಅದೇ ಹೊತ್ತಲ್ಲಿ ಅಲ್ಲೂ ಮುಂಗಾರು. ಡಿಸೆಂಬರ್‌ನಿಂದ ಏಪ್ರಿಲ್ ಒಣ ಹವೆ, ತಿಳಿ ನೀರು, ದುಬಾರಿ ರೇಟು. ಮಳೆಗಾಲದಲ್ಲಿ ಅಗ್ಗ, ಜೊತೆಗೆ ಹನಿಫಾರುವಿನ ಮಾಂಟಾ ಕಾಲವೂ ಜೂನ್‌ನಿಂದ ನವೆಂಬರ್. ಆಷಾಢ ಮುಗಿಸಿ ಹೋದ್ರೆ ಎರಡೂ ಕಡೆ ಸಮಾಧಾನ.

2. ಎಲ್ಲಿ ತಂಗೋದು? ಪೂರ್ತಿ ರೆಸಾರ್ಟ್ ಬೇಡ. ಕೆಲವು ದಿನ ಊರಿನ ಗೆಸ್ಟ್‌ಹೌಸ್, ಕೊನೆಗೆ ಒಂದೆರಡು ದಿನ ರೆಸಾರ್ಟ್. ದುಡ್ಡು ಊರಿಗೂ ಹೋಗುತ್ತೆ, ನಿಮಗೂ ಉಳಿಯುತ್ತೆ.

3. ಡೈವಿಂಗ್ ಕಲಿಯೋದು ಎಲ್ಲಿ? ಟ್ರೈ ಡೈವ್ ಆದ್ರೆ 12 ಮೀಟರ್ ಮಿತಿ. ಓಪನ್ ವಾಟರ್ ಕೋರ್ಸ್ ಮೂರು ನಾಲ್ಕು ದಿನ, 18 ಮೀಟರ್. ಹನಿಮೂನ್‌ನ ಅರ್ಧ ಟೈಮ್ ಕ್ಲಾಸಲ್ಲಿ ಯಾಕೆ? ಮುರುಡೇಶ್ವರದ ನೇತ್ರಾಣಿಯಲ್ಲಿ ಮಳೆಗಾಲ ಬಿಟ್ಟು ಮೊದಲೇ ನೀರಿಗಿಳಿದು ನೋಡಿ. ಇಬ್ನ್ ಬತೂತನ ಹೊನ್ನಾವರವೂ ಅಲ್ಲೇ ಪಕ್ಕ. ಅಸ್ತಮಾ, ಕಿವಿ ತೊಂದರೆ ಇದ್ರೆ ಡಾಕ್ಟರ್ ಕೇಳದೇ ಇಳೀಬೇಡಿ, ಫಾರ್ಮ್‌ನಲ್ಲಿ ಸುಳ್ಳು ಟಿಕ್ ಹಾಕಬೇಡಿ. ನೀರೊಳಗೆ ಉಸಿರು ಹಿಡೀಬಾರದು.

4. ವಾಪಸ್ ವಿಮಾನ ಯಾವಾಗ? ಕೊನೇ ಡೈವ್‌ಗೂ ವಿಮಾನಕ್ಕೂ ಮಧ್ಯೆ ಕನಿಷ್ಠ 18 ಗಂಟೆ, ಸೇಫ್ ಆಗಿ 24 ಇಡಿ. ಮೈಯಲ್ಲಿ ಕರಗಿದ ಸಾರಜನಕ ಮೇಲೆ ಹೋದಾಗ ಗುಳ್ಳೆ ಕಟ್ಟುತ್ತೆ.

5. ಆ ಕೊನೇ ದಿನ ಏನು ಮಾಡೋದು? ಮಾಲೆಗೆ ಹೋಗಿ. 1658ರಲ್ಲಿ ಮುಗಿದ ಹಳೇ ಶುಕ್ರವಾರದ ಮಸೀದಿ ನೋಡಿ, ಕೆತ್ತಿರೋದು ಹವಳದ ಕಲ್ಲಲ್ಲಿ. ಬಟ್ಟೆ ಮರ್ಯಾದೆಯಿಂದ ಇರಲಿ.

6. ಏನು ತರೋದು? ಹವಳ, ಚಿಪ್ಪು ಎತ್ಕೊಂಡು ಬರೋದು ನಿಷಿದ್ಧ. ಹಡಗುಗಟ್ಟಲೆ ಕವಡೆ ಕಳಿಸಿದ ದೇಶ ಈಗ ಒಂದು ಚಿಪ್ಪನ್ನೂ ಬಿಟ್ಟುಕೊಡಲ್ಲ. ಸರಿಯಾಗೇ ಇದೆ. ಹವಳ ಮುಟ್ಟಬೇಡಿ, ಅದರ ಮೇಲೆ ನಿಲ್ಲಬೇಡಿ.

7. ಯಾರ ಜೊತೆ ಮಾತಾಡೋದು? ದೋಣಿಯವರ ಜೊತೆ, ಗೆಸ್ಟ್‌ಹೌಸ್ ಅಮ್ಮನ ಜೊತೆ. 1998ಕ್ಕೆ ಮುಂಚೆ ಈ ರೀಫ್ ಹೇಗಿತ್ತು ಅಂತ ಕೇಳಿ. ಆ ಉತ್ತರ ಯಾವ ರೀಲ್‌ನಲ್ಲೂ ಸಿಗಲ್ಲ.

ಸೇವ್ ಮಾಡ್ಕೊಳ್ಳಿ, ಮದುವೆ ಫಿಕ್ಸ್ ಆದವರಿಗೆ ಕಳಿಸಿ. ನಿಮ್ಮ ಮನೇಲಿ ಹಳೇ ಕವಡೆ ಇದ್ಯಾ? ಯಾರದ್ದು, ಯಾವುದಕ್ಕೆ ಬಳಸ್ತಿದ್ರು ಅಂತ ಅಜ್ಜಿ ಹತ್ರ ಕೇಳಿ ಕಾಮೆಂಟ್‌ನಲ್ಲಿ ಹಾಕಿ. ಮುಂದಿನ ಸರಣಿ ಅದರಿಂದಲೇ ಶುರು ಮಾಡೋಣ.

#ಕವಡೆಕಾಸು #ಮಾಲ್ಡೀವ್ಸ್ #ಇತಿಹಾಸಕನ್ನಡದಲ್ಲಿ #ಹೊನ್ನಾವರ #ಸ್ಕೂಬಾ